ಸ್ವಲ್ಪ ತೆಳು ಮಾಡು, ಶೆಲ್ಬಿಯಾ

ಇಪ್ಪತ್ತೆರಡು ವರ್ಷಗಳ ಪರಿಚಯದಲ್ಲಿ ಲಲ್ಲಾ ಬಹ್ಜಾ ಒಮ್ಮೆಯೂ ಶೆಲ್ಬಿಯಾಳ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅವತ್ತು ಹತ್ತಿದಳು, ಮೂರು ಮಹಡಿಯನ್ನೂ, ಪ್ರತಿ ತಿರುವಿನಲ್ಲಿ ನಿಂತು ಏದುಸಿರು ಬಿಡುತ್ತ. ಕೈಯಲ್ಲಿ ಕಸೂತಿ ಬಟ್ಟೆ ಮುಚ್ಚಿದ ತಟ್ಟೆ, ತಟ್ಟೆಯಲ್ಲಿ ಜೇನು ಮತ್ತು ಅಕ್ರೋಟಿನ ಮಿಠಾಯಿ. ಮದುವೆ ಮನೆಗೆ ಹೋಗುವಾಗ ಒಯ್ಯುವಂಥದು.

ಶೆಲ್ಬಿಯಾ ನೆನೆದ ಕಡಲೆಯ ಸಿಪ್ಪೆ ಬಿಡಿಸುತ್ತಿದ್ದಳು. ತಟ್ಟೆ ನೋಡಿದ ಕೂಡಲೇ ಇದು ಗುರುವಾರದ ವಿಷಯ ಎಂದು ಗೊತ್ತಾಯಿತು. ಗುರುವಾರ ಅವಳು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು, ಲಲ್ಲಾ ಬಹ್ಜಾಳ ಮಗ ಲಮೀನ್ ಮತ್ತು ಅವನ ಹೆಂಡತಿ ವಸೀಲಾ ನಡುವಿನ ಮೊಕದ್ದಮೆಯಲ್ಲಿ. ಹೆಂಡತಿಯನ್ನು ಮನೆಗೆ ವಾಪಸು ಕಳಿಸಿ ಎಂದು ಲಮೀನ್ ಕೇಳಿದ್ದ. ಆ ಮನೆಗೆ ಕಾಲಿಡಲಾರೆ, ವಿಚ್ಛೇದನ ಕೊಡಿ ಎಂದು ವಸೀಲಾ ಕೇಳಿದ್ದಳು. ಆ ಮನೆಯ ಅಡುಗೆಕೋಣೆಯಲ್ಲಿ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಏನಾಯಿತು ಎಂಬುದಕ್ಕೆ, ಗಂಡ ಹೆಂಡಿರನ್ನು ಬಿಟ್ಟರೆ, ಕಣ್ಣಾರೆ ಕಂಡವಳು ಶೆಲ್ಬಿಯಾ ಒಬ್ಬಳೇ.

"ಕೂತ್ಕೊಳ್ಳಿ ಲಲ್ಲಾ."

"ನಾನು ಕೂರಲ್ಲ ಅಂದ್ರೂ ಮಂಡಿ ಕೂರಿಸುತ್ತೆ. ನಿಮ್ಮನೆ ಮೆಟ್ಟಿಲೋ, ಸ್ವರ್ಗದ ಮೆಟ್ಟಿಲೋ!"

"ಸ್ವರ್ಗದಲ್ಲಿ ಇಷ್ಟು ಗಲೀಜು ಇರಲಿಕ್ಕಿಲ್ಲ," ಎಂದಳು ಕಿಟಕಿಯ ಪಕ್ಕ ಕೂತಿದ್ದ ಹೂರಿಯಾ, ಮದುಮಗಳ ಮಖಮಲ್ ಬಟ್ಟೆಯ ಮೇಲೆ ಜರಿ ಹೊಲಿಯುತ್ತ. ಅವಳು ಶೆಲ್ಬಿಯಾಳ ಮಗಳು. ತಲೆ ಎತ್ತಲಿಲ್ಲ.

ಲಲ್ಲಾ ಬಹ್ಜಾ ತಟ್ಟೆಯನ್ನು ಕಡಲೆಯ ಬೋಗುಣಿಯ ಪಕ್ಕಕ್ಕೆ ಸರಿಸಿದಳು. "ನೋಡು, ಸುಳ್ಳು ಹೇಳು ಅಂತ ನಾನು ಯಾರಿಗೂ ಹೇಳಿದವಳಲ್ಲ. ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳು ಹೇಳಬಾರದು. ಸ್ವಲ್ಪ ತೆಳು ಮಾಡು, ಅಷ್ಟೇ. 'ಸುರಿದ' ಅನ್ನೋ ಕಡೆ 'ಚೆಲ್ಲಿತು' ಅನ್ನು. ಏನು ವ್ಯತ್ಯಾಸ? ನೀರು ಅದೇ, ಕೈ ಅದೇ."

ಖಫ್ಫಿಫಿ. ತೆಳು ಮಾಡು. ನಮ್ಮ ಕಾನ್‌ಸ್ಟಂಟೀನ್ ಊರಿನಲ್ಲಿ ಹೆಣ್ಣಾಗಿ ಹುಟ್ಟಿದವಳು ಈ ಮಾತನ್ನು ತನ್ನ ಹೆಸರಿಗಿಂತ ಹೆಚ್ಚು ಸಲ ಕೇಳಿರುತ್ತಾಳೆ. ಸಾರಿಗೆ ಉಪ್ಪು ಜಾಸ್ತಿಯಾಯಿತು, ತೆಳು ಮಾಡು. ಮಾವನಿಗೆ ರಕ್ತದೊತ್ತಡ, ಅವರ ಕಾಫಿ ತೆಳು ಮಾಡು. ಗೋಡೆಗೆ ಸುಣ್ಣ ದಪ್ಪವಾಯಿತು, ಕಣ್ಣಿಗೆ ಕಾಡಿಗೆ ಹೆಚ್ಚಾಯಿತು, ಮಗುವಿನ ಹಾಲು ಜೀರ್ಣವಾಗುತ್ತಿಲ್ಲ. ಗಂಡಸರು ಕೂತಿರುವಾಗ ನಗು ತೆಳು ಮಾಡು, ಸಾವಿನ ಮನೆಯಲ್ಲಿ ನಾಲ್ಕನೆಯ ದಿನದಿಂದ ಅಳು ತೆಳು ಮಾಡು. ಗಂಡಸರ ಬಾಯಲ್ಲೂ ಈ ಮಾತು ಉಂಟು, ಕ್ಷೌರದಂಗಡಿಯಲ್ಲಿ: ಮೇಲೆ ಬೇಡ, ಪಕ್ಕದಲ್ಲಿ ಸ್ವಲ್ಪ ತೆಳು ಮಾಡಪ್ಪ ಎಂದು ಕುರ್ಚಿಗೆ ಒರಗಿಕೊಂಡು ಹೇಳುತ್ತಾರೆ.

ಶೆಲ್ಬಿಯಾಳಷ್ಟು ಚೆನ್ನಾಗಿ ತೆಳುವನ್ನು ಬಲ್ಲವರು ಹಳೇ ಪೇಟೆ ಸೂಯ್ಕಾದ ಓಣಿಗಳಲ್ಲಿ ಇನ್ನೊಬ್ಬರಿಲ್ಲ. ಏಪ್ರಿಲಿನಲ್ಲಿ ಹಮ್ಮಾದ ತೋಟಗಳಿಂದ ಕಹಿ ಕಿತ್ತಳೆಯ ಹೂ ಇಳಿಯುತ್ತಲೇ ಅವಳಿಗೆ ಮನೆ ಮನೆಯಿಂದ ಕರೆ ಬರುತ್ತಿತ್ತು. ಹೂನೀರು ಇಳಿಸುವ ತಾಮ್ರದ ಕತ್ತಾರವನ್ನು ಎಲ್ಲರೂ ಅಟ್ಟದ ಮೇಲೆ ಇಟ್ಟುಕೊಂಡಿರುತ್ತಾರೆ. ಅದರ ಮುಂದೆ ಆರು ಗಂಟೆ ಕೂರುವ ಬೆನ್ನು ಮಾತ್ರ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಕೆಳಗಿನ ಹಂಡೆಯಲ್ಲಿ ಹೂ ಮತ್ತು ನೀರು, ಅದರ ಮೇಲೆ ತಣ್ಣೀರು ತುಂಬಿದ ಬೋಗುಣಿ. ಕೆಳಗೆ ಕುದಿದ ಆವಿ ಬೋಗುಣಿಯ ತಳಕ್ಕೆ ತಾಗಿ ಹನಿಯಾಗುತ್ತದೆ, ನಳಿಕೆಯಲ್ಲಿ ಹರಿದು ಶೀಷೆಗೆ ಬೀಳುತ್ತದೆ. ಮೊದಲ ಶೀಷೆಯದು ಕತ್ತಾರದ ತಲೆ, ಒಂದು ಹನಿ ಸಾಕು, ಮನೆ ತುಂಬುತ್ತದೆ. ಎರಡನೆಯದು ಕಾಫಿಗೆ. ಮೂರನೆಯದು ಮಿಠಾಯಿಗೆ, ಅತಿಥಿಗಳ ಕೈತೊಳೆಯುವುದಕ್ಕೆ. ಕಣ್ಣು ಕಟ್ಟಿ ಮೂಸಿಸಿದರೂ ಯಾವುದು ಎಷ್ಟನೆಯದೆಂದು ಶೆಲ್ಬಿಯಾ ಹೇಳುತ್ತಿದ್ದಳು. ಲಲ್ಲಾ ಬಹ್ಜಾಳ ಮನೆ, ಅವಳ ಅಕ್ಕತಂಗಿಯರ, ನಾದಿನಿಯರ ಮನೆ ಸೇರಿ ಆರು ಮನೆಗಳು ಶೆಲ್ಬಿಯಾಳ ವಸಂತದ ಗಳಿಕೆಯಾಗಿದ್ದವು. ಹೂರಿಯಾಳ ಜರಿ ಕೆಲಸವೂ ಮುಕ್ಕಾಲು ಪಾಲು ಅಲ್ಲಿಂದಲೇ ಬರುತ್ತಿತ್ತು. ಈಗ ಅವಳ ತೊಡೆಯ ಮೇಲಿದ್ದ ಮಖಮಲ್ ಕೂಡ ಲಲ್ಲಾ ಬಹ್ಜಾಳ ತಂಗಿಯ ಮಗಳದು.

"ಈ ಬಟ್ಟೆ ಜೂನ್‌ಗೆ ಮುಗಿಯುತ್ತಾ ಹೂರಿಯಾ?" ಎಂದು ಏಳುವಾಗ ಲಲ್ಲಾ ಬಹ್ಜಾ ಕೇಳಿದಳು. "ಮುಗಿಸು. ಮುಗಿಸೋಕೆ ಬಿಡೋ ಹಾಗಿರಲಿ ಅಂತ ದೇವರನ್ನ ಕೇಳ್ಕೋತೀನಿ."

ಬಾಗಿಲು ಹಾಕಿಕೊಂಡ ಮೇಲೆ ಹೂರಿಯಾ ಸೂಜಿಯನ್ನು ಬಟ್ಟೆಗೆ ಚುಚ್ಚಿದಳು. "ಮಿಠಾಯಿ ತಂದು ಮೆಣಸಿನಕಾಯಿ ತಿನ್ನಿಸಿ ಹೋದ್ಳು ಮುದುಕಿ."

ಶೆಲ್ಬಿಯಾ ಮತ್ತೆ ಬೋಗುಣಿಗೆ ಕೈ ಹಾಕಿದಳು. ಕಡಲೆಯ ಸಿಪ್ಪೆ ಉಗುರಿನ ಸಂದಿಗೆ ಸೇರಿಕೊಂಡಿತ್ತು.

ಏಪ್ರಿಲಿನ ಆ ಬೆಳಿಗ್ಗೆ ಲಲ್ಲಾ ಬಹ್ಜಾಳ ಅಡುಗೆಕೋಣೆಯಲ್ಲಿ ಐದನೆಯ ನೀರು ನಡೆದಿತ್ತು. ಮೇಲಿನ ಬೋಗುಣಿಯ ತಣ್ಣೀರು ಕಾದಂತೆಲ್ಲ ಅದನ್ನು ಸೌಟಿನಿಂದ ಮೊಗೆದು ತೆಗೆದು, ಹೊಸ ತಣ್ಣೀರು ಹಾಕಬೇಕು. ಮೊಗೆದ ಬಿಸಿನೀರನ್ನು ಪಕ್ಕದ ಡಬರಿಯಲ್ಲಿ ಹಾಕುತ್ತಾರೆ, ಪಾತ್ರೆ ತೊಳೆಯಲು ಬರುತ್ತದೆಂದು. ಶೆಲ್ಬಿಯಾ ಎಷ್ಟನೆಯ ನೀರೆಂದು ಎಣಿಸುತ್ತ, ಬೆಂಕಿ ನೋಡುತ್ತ ಕೂತಿದ್ದಳು. ಮೊಗೆಯುವ ಕೆಲಸ ವಸೀಲಾಳದು. ಅದರ ನಡುವೆ ಮಗಳಿಗೆ ತಲೆ ಬಾಚುವುದು, ಮಾವನ ಮಾತ್ರೆ, ಮೇಲೆ ಕೂತಿದ್ದ ಲಮೀನ್‌ನ ಇಬ್ಬರು ಸ್ನೇಹಿತರಿಗೆ ಕಾಫಿ. ಕಾಫಿ ತಡವಾಯಿತು. ಲಮೀನ್ ಇಳಿದು ಬಂದ. ಕೂಗಾಡಲಿಲ್ಲ, ಮೇಲೆ ಜನರಿದ್ದರಲ್ಲ. ಹೆಂಡತಿಯ ಕಪಾಳಕ್ಕೆ ಹೊಡೆದ. ಅವಳು ಗೋಡೆಗೆ ಬಿದ್ದಳು. ಆಮೇಲೆ ಅವಳ ಎಡಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಡಬರಿ ಎತ್ತಿ ಮೊಣಕೈಯಿಂದ ಕೆಳಗೆ ಸುರಿದ, ನಿಧಾನವಾಗಿ, ಗಿಡಕ್ಕೆ ಹಾಕುವ ಹಾಗೆ. ಡಬರಿಯನ್ನು ಎಲ್ಲಿತ್ತೋ ಅಲ್ಲೇ ಇಟ್ಟು, ಕಾಫಿ ತಟ್ಟೆ ತಗೊಂಡು ಮೇಲೆ ಹೋದ.

ಶೆಲ್ಬಿಯಾ ಎದ್ದಿರಲಿಲ್ಲ. ಕತ್ತಾರದ ಮುಂದೆ ಕೂತವಳು ಏಳಬಾರದು, ಬೆಂಕಿ ಹೆಚ್ಚಾದರೆ ಹೂ ಸೀಯುತ್ತದೆ. ಕೂತಲ್ಲೇ ಕೂತಿದ್ದಳು. ಅವನು ಹೋದ ಮೇಲೆ ಎದ್ದು, ಆ ಕೈಗೆ ತಣ್ಣೀರು ಹೊಯ್ದು, ತನ್ನ ತಲೆವಸ್ತ್ರ ಬಿಚ್ಚಿ ಸುತ್ತಿದಳು. ವಸೀಲಾ ಒಂದು ಮಾತೂ ಆಡಲಿಲ್ಲ. ಮಗಳನ್ನು ಎತ್ತಿಕೊಂಡು, ಚಪ್ಪಲಿಯನ್ನೂ ಹಾಕದೆ, ತೂಗುಸೇತುವೆ ದಾಟಿ ತವರಿಗೆ ನಡೆದಳು. ಆಮೇಲೆ ಶೆಲ್ಬಿಯಾ ಆರನೆಯ ನೀರನ್ನೂ ಬದಲಾಯಿಸಿದಳು, ಏಳನೆಯದನ್ನೂ. ಶೀಷೆಗಳಿಗೆ ಬಟ್ಟೆ ಕಟ್ಟಿದಳು. ಯಾರಿಗೂ ಹೇಳಿಕೊಳ್ಳಲಾಗದ ಸಂಗತಿ ಅದೇ: ಅವತ್ತಿನ ನೀರು ಚೆನ್ನಾಗಿ ಇಳಿದಿತ್ತು.

ಬುಧವಾರ ಮಧ್ಯಾಹ್ನ ತರಕಾರಿ ತಗೊಂಡು ಬರುವಾಗ ಶೆಲ್ಬಿಯಾಳ ಕೈಚೀಲ ಇದ್ದಕ್ಕಿದ್ದಂತೆ ಹಗುರವಾಯಿತು. ಪಕ್ಕದಲ್ಲಿ ಲಮೀನ್.

"ಭಾರ ಇದೆ, ಕೊಡಿ ಖಾಲ್ತಿ." ಚಿಕ್ಕಮ್ಮ ಎಂದು ಕರೆಯುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ. "ಈ ವಯಸ್ಸಲ್ಲಿ ಮೂರು ಮಹಡಿ. ಹೂರಿಯಾಗೆ ಹೇಳಬಾರದಾ?"

"ಅವಳಿಗೆ ಕೆಲಸ ಇದೆ."

"ಇದೆ, ಇರಲಿ." ಅವನು ಒಂದೊಂದೇ ಮೆಟ್ಟಿಲು ಅವಳ ಹಿಂದೆಯೇ ಹತ್ತಿದ, ಅವಳು ನಿಂತಲ್ಲಿ ನಿಂತ. ಅವನ ಉಸಿರು ಬೆನ್ನಿಗೆ ತಾಗುತ್ತಿತ್ತು. "ನಾನು ಕೆಟ್ಟವನಲ್ಲ ಖಾಲ್ತಿ. ನಿಮ್ಮ ಕಣ್ಮುಂದೆ ಬೆಳೆದೋನು. ಅವಳು ಮನೆಗೆ ಬರಲಿ, ಮಗಳು ಮನೆಗೆ ಬರಲಿ, ನನಗೆ ಇನ್ನೇನೂ ಬೇಡ. ನಿಮಗೆ ಕೋರ್ಟಲ್ಲಿ ತೊಂದರೆ ಆಗಬಾರದು ಅಂತ ವಕೀಲರು ಎಲ್ಲಾ ಬರೆದುಕೊಟ್ಟಿದಾರೆ. ಹೆಬ್ಬೆಟ್ಟು ಒತ್ತಿದರೆ ಸಾಕು, ಅಲ್ಲಿ 'ಹೌದು' ಅಂದರೆ ಸಾಕು."

ಬಾಗಿಲ ಬಳಿ ಚೀಲ ಇಟ್ಟ. ಟೊಮೇಟೊ ಮೇಲೆ ಮಡಿಸಿದ ಕಾಗದ ಇಟ್ಟ. ಅವಳ ಹಣೆಗೆ ಮುತ್ತಿಟ್ಟು ಇಳಿದು ಹೋದ. ಶೆಲ್ಬಿಯಾ ಒಳಗೆ ಬಂದು ಮೊದಲು ಹಣೆ ತೊಳೆದುಕೊಂಡಳು.

ಅವಳಿಗೆ ಓದು ಬರುವುದಿಲ್ಲ. ಬರುತ್ತಿದ್ದರೂ ಆ ದಿನ ಓದುತ್ತಿರಲಿಲ್ಲವೇನೋ. ಎರಡು ದಿನದಿಂದ ಮನಸ್ಸಿನಲ್ಲೇ ಒಂದು ಸಾಕ್ಷಿ ಕಾಯಿಸಿಟ್ಟುಕೊಂಡಿದ್ದಳು: ನಾನು ಬೆಂಕಿ ಕಡೆ ಮುಖ ಮಾಡಿ ಕೂತಿದ್ದೆ, ಜಗಳ ಕೇಳಿಸಿತು, ತಿರುಗುವಷ್ಟರಲ್ಲಿ ಕೈ ಸುಟ್ಟಿತ್ತು. ಇದರಲ್ಲಿ ಯಾರನ್ನೂ ಹೊಗಳಿಲ್ಲ, ಯಾರನ್ನೂ ಬಯ್ದಿಲ್ಲ. ತೆಳುವಾದ ಹೂನೀರಿನ ಹಾಗೆ, ಕಾಫಿಗೂ ಆಗುತ್ತದೆ, ಕೈತೊಳೆಯಲೂ ಆಗುತ್ತದೆ.

"ಓದು," ಎಂದಳು ಮಗಳಿಗೆ.

ಹೂರಿಯಾ ಓದಿದಳು. "ಕೆಳಗೆ ಗುರುತು ಹಾಕಿದ ನಾನು, ಸದರಿ ದಿನದಂದು ಸದರಿ ಮನೆಯಲ್ಲಿ ಹೂನೀರು ಇಳಿಸುವ ಕೆಲಸದಲ್ಲಿದ್ದೆನು. ಸದರಿ ವಸೀಲಾ ಅವರು ಕತ್ತಾರದ ಮುಚ್ಚಳವನ್ನು ಎತ್ತಿ ಒಳಗೆ ನೋಡುವಾಗ ಬಿಸಿನೀರು ಚೆಲ್ಲಿ ಅವರ ಎಡಗೈ..."

"ಏನು ಎತ್ತಿ?"

"ಮುಚ್ಚಳ."

"ಯಾವ ಮುಚ್ಚಳ?"

"ಕತ್ತಾರದ ಮುಚ್ಚಳ ಅಂತಿದೆ ಯಮ್ಮಾ. ನಾನೇನು ಮಾಡಲಿ?"

"ಇನ್ನೊಂದು ಸಲ ಓದು."

ಹೂರಿಯಾ ಮತ್ತೆ ಓದಿದಳು. ಓದುತ್ತ ಅವಳ ದನಿ ನಿಧಾನವಾಯಿತು, ಕೊನೆಗೆ ಕಾಗದ ಕೆಳಗಿಟ್ಟು ತಾಯಿಯ ಮುಖ ನೋಡಿದಳು. ಅವಳೂ ಚಿಕ್ಕಂದಿನಲ್ಲಿ ಸೌಟು ಹಿಡಿದು ನೀರು ಮೊಗೆದವಳೇ.

ಕತ್ತಾರಕ್ಕೆ ಮುಚ್ಚಳ ಇಲ್ಲ. ನೀರು ತುಂಬಿದ ಬೋಗುಣಿಯೇ ಅದರ ಮುಚ್ಚಳ. ಹಂಡೆಗೂ ಬೋಗುಣಿಗೂ ನಡುವಿನ ಸಂದಿಗೆ ಹಿಟ್ಟಿನ ಗಂಜಿಯಲ್ಲಿ ಅದ್ದಿದ ಬಟ್ಟೆ ಸುತ್ತಿರುತ್ತಾರೆ. ಬೆಂಕಿಗೆ ಅದು ಒಣಗಿ ಕಲ್ಲಿನಂತಾಗುತ್ತದೆ. ಕೊನೆಯ ಶೀಷೆ ತುಂಬಿ, ಬೆಂಕಿ ಆರಿಸಿ, ತಣ್ಣಗಾದ ಮೇಲೆ ಚಾಕುವಿನಿಂದ ಕೆರೆದು ಬಿಡಿಸಬೇಕು. ನಡುವೆ ಎತ್ತುವುದಿಲ್ಲ, ಎತ್ತಲು ಬರುವುದೂ ಇಲ್ಲ.

"ಅಜ್ಜಿಯ ಕಾಲದಿಂದ ಈ ನೀರು ಕುಡೀತಿದಾರೆ," ಎಂದಳು ಶೆಲ್ಬಿಯಾ. "ಅಡುಗೆಮನೇಲಿ ಏನು ನಡೆಯುತ್ತೆ ಅಂತ ಆ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಲಲ್ಲಾ ಬಹ್ಜಾಗೂ ಗೊತ್ತಿಲ್ಲ."

"ಅವಳು ಒಂದು ದಿನವಾದ್ರೂ ಕತ್ತಾರದ ಮುಂದೆ ಕೂತಿದ್ದಾಳಾ? ಶೀಷೆ ತುಂಬಿದ ಮೇಲೆ ಬಂದು ಮೂಸೋದಷ್ಟೇ." ಹೂರಿಯಾ ಕಾಗದವನ್ನು ಮಡಿಸಿದಳು. "ಯಮ್ಮಾ, ಹೆಬ್ಬೆಟ್ಟು ಒತ್ತಬೇಡ. ಆದರೆ ಹೋಗೋದೂ ಬೇಡ. ಜ್ವರ ಅಂತ ಹೇಳಿ ಕಳಿಸ್ತೀನಿ. ಡಾಕ್ಟರ್ ಚೀಟಿ ತರ್ತೀನಿ. ನೀನು ಹೋದ್ರೆ ಆರು ಮನೆ ಹೋಯ್ತು, ಈ ಮಖಮಲ್ಲೂ ಹೋಯ್ತು."

"ನಾನು ಹೋಗದಿದ್ರೆ?"

"ಹೋಗದಿದ್ರೆ ವಸೀಲಾ ಮತ್ತೆ ಆ ಮನೆಗೆ..." ಹೂರಿಯಾ ಮಖಮಲ್ಲನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

ಗುರುವಾರ ಶೆಲ್ಬಿಯಾ ಮೈತುಂಬ ಮುಚ್ಚುವ ಕಪ್ಪು ಮುಲಾಯಾ ಹೊದ್ದು ಹೊರಟಳು. ಹೂರಿಯಾ ಹಿಂದೆಯೇ ಬಂದಳು, ಬಯ್ಯುತ್ತ. ಕೋರ್ಟಿನ ಕೋಣೆ ಚಿಕ್ಕದು. ಒಂದು ಬದಿಯಲ್ಲಿ ಲಮೀನ್, ಅವನ ತಾಯಿ, ವಕೀಲ. ಇನ್ನೊಂದು ಬದಿಯಲ್ಲಿ ವಸೀಲಾ, ಅವಳ ತಂದೆ, ಬಿಡಿಸಿದರೆ ಹರಿದುಹೋಗುವಂಥ ಹಳೆಯ ಫೈಲು ಹಿಡಿದ ಒಬ್ಬ ವಕೀಲೆ. ವಸೀಲಾಳ ಎಡಗೈ ಉದ್ದ ತೋಳಿನೊಳಗಿತ್ತು. ನ್ಯಾಯಾಧೀಶೆ ಅಲ್ಜಿಯರ್ಸ್‌ನಿಂದ ವರ್ಗವಾಗಿ ಬಂದವಳು, ವಯಸ್ಸು ಮೂವತ್ತೈದು ದಾಟಿರಲಾರದು. ಗೋಡೆ ಗಡಿಯಾರದ ಮೇಲೆ ಒಂದು ಕಣ್ಣು.

"ಹೇಳಿ ಹಜ್ಜಾ, ಏನು ನೋಡಿದಿರಿ?"

"ಹಜ್ಜಾ ಅನ್ನಬೇಡಿ ಮಗಳೇ. ನಾನು ಹಜ್‌ಗೆ ಹೋಗಿಲ್ಲ. ಮಾಡದೇ ಇರೋದನ್ನ ಬರೆಸೋದು ಬೇಡ."

ಬರೆದುಕೊಳ್ಳುತ್ತಿದ್ದ ಗುಮಾಸ್ತೆ ನಗು ನುಂಗಿದಳು. ಶೆಲ್ಬಿಯಾ ಪ್ರಮಾಣ ಮಾಡಿ, ನೋಡಿದ್ದನ್ನು ನೋಡಿದ ಕ್ರಮದಲ್ಲೇ ಹೇಳಿದಳು. ಕಾಫಿ, ಕಪಾಳ, ಮಣಿಕಟ್ಟು, ಡಬರಿ. ಲಮೀನ್ ಕುರ್ಚಿಯ ಅಂಚಿಗೆ ಬಂದ. ಅವನ ವಕೀಲ ಎದ್ದು ನಿಂತ.

"ಮುಚ್ಚಳ ಎತ್ತುವಾಗ ನೀರು ಚೆಲ್ಲಿತು ಅಂತ ನೀವೇ ಮೊದಲು ಹೇಳಿದ್ದಿರಲ್ಲ?"

"ಅದನ್ನ ನೀವು ಹೇಳಿದ್ದು. ನಾನು ಹೇಳಿದ್ದರೆ ಮುಚ್ಚಳ ಅನ್ನುತ್ತಿರಲಿಲ್ಲ." ಅವಳು ನ್ಯಾಯಾಧೀಶೆಯ ಕಡೆ ತಿರುಗಿ ಬೋಗುಣಿ, ಹಿಟ್ಟಿನ ಬಟ್ಟೆ, ಚಾಕು ಎಲ್ಲವನ್ನೂ ಕೈಯಲ್ಲೇ ತೋರಿಸಿದಳು. "ಅದನ್ನ ನಡುವೆ ಎತ್ತೋಕೆ ಆಗಲ್ಲ. ನಂಬಿಕೆ ಬರದಿದ್ರೆ ಇಲ್ಲೇ ಯಾರನ್ನಾದ್ರೂ ಕೇಳಿ."

ನ್ಯಾಯಾಧೀಶೆ ಗುಮಾಸ್ತೆಯನ್ನು ನೋಡಿದಳು. ಗುಮಾಸ್ತೆ ನಮ್ಮೂರಿನವಳು. "ಎತ್ತಲ್ಲ ಮೇಡಂ," ಎಂದಳು ಪೆನ್ನು ಕೆಳಗಿಡದೆ. ನ್ಯಾಯಾಧೀಶೆ ಆಮೇಲೆ ಲಲ್ಲಾ ಬಹ್ಜಾಳನ್ನು ನೋಡಿದಳು. ಆ ಮನೆಯ ಯಜಮಾನಿ ತನ್ನ ಕೈಚೀಲದ ಗುಂಡಿಯನ್ನು ಹಾಕುತ್ತ ತೆಗೆಯುತ್ತ ಕೂತಿದ್ದಳು.

ವಕೀಲ ಸುಮ್ಮನಾಗಲಿಲ್ಲ. ಧ್ವನಿ ಇಳಿಸಿದ. "ಸರಿ. ಎಲ್ಲ ನಿಮ್ಮ ಕಣ್ಣೆದುರಿಗೇ ನಡೆಯಿತು. ಎರಡು ಹೆಜ್ಜೆ ದೂರ. ಹಾಗಿದ್ದರೆ ನೀವು ಏಳಲಿಲ್ಲ ಯಾಕೆ? ಕೂಗಲಿಲ್ಲ ಯಾಕೆ? ನಿಮ್ಮ ಮಗಳ ವಯಸ್ಸಿನ ಹುಡುಗಿಯ ಕೈ ಸುಡುತ್ತಿದ್ದರೆ ಯಾವ ಹೆಂಗಸು ಸುಮ್ಮನೆ ಕೂರುತ್ತಾಳೆ? ನಡೆದೇ ಇಲ್ಲ, ಅದಕ್ಕೇ ಏಳಲಿಲ್ಲ. ಅಲ್ಲವೇ?"

ಹೂರಿಯಾ ತಾಯಿಯ ಬೆನ್ನನ್ನೇ ನೋಡುತ್ತಿದ್ದಳು. ಇದಕ್ಕೆ ಉತ್ತರ ಸುಲಭವಿತ್ತು. ಕಾಲು ಹಿಡಿದಿತ್ತು ಎನ್ನಬಹುದಿತ್ತು. ಎದ್ದೆ, ಅಷ್ಟರಲ್ಲಿ ಆಗಿಹೋಗಿತ್ತು ಎನ್ನಬಹುದಿತ್ತು.

"ಏಳಲಿಲ್ಲ," ಎಂದಳು ಶೆಲ್ಬಿಯಾ. "ಬೆಂಕಿ ಹೆಚ್ಚಾದ್ರೆ ಹೂ ಸೀಯುತ್ತೆ ಅಂತ ಕೂತಿದ್ದೆ. ಅವನಿಗೆ ಹೆದರಿ ಕೂತಿದ್ದೆ. ಆ ಮನೆ ಕೆಲಸ ಕೈತಪ್ಪುತ್ತೆ ಅಂತ ಕೂತಿದ್ದೆ. ಅವನು ಸುರೀತಿದ್ದಾಗ ಬೇಡ ಅನ್ನಲಿಲ್ಲ. ಅದನ್ನೂ ಬರೆಸಿ."

ವಕೀಲ ಕೂತ. ನ್ಯಾಯಾಧೀಶೆ ಗಡಿಯಾರದಿಂದ ಕಣ್ಣು ತೆಗೆದು, ಗುಮಾಸ್ತೆಗೆ ಗ್ರಂಥದ ಭಾಷೆಯಲ್ಲಿ ಹೇಳಿ ಬರೆಸತೊಡಗಿದಳು. "ದಂಪತಿಗಳ ನಡುವೆ ವಾಗ್ವಾದ ಉಂಟಾಗಿ, ಆ ಸಂದರ್ಭದಲ್ಲಿ ಪತ್ನಿಯ ಎಡಗೈಯ ಮೇಲೆ ಬಿಸಿನೀರು ಬಿದ್ದು..."

"ನಿಲ್ಲಿಸಿ ಮಗಳೇ."

ಪೆನ್ನು ನಿಂತಿತು.

"ವಾಗ್ವಾದ ಅಂದ್ರೆ ಇಬ್ಬರೂ ಮಾತಾಡಬೇಕು. ಅವಳು ಬಾಯೇ ಬಿಡಲಿಲ್ಲ. ನೀರು ಬೀಳಲಿಲ್ಲ, ಅವನು ಸುರಿದ. ಕೈ ಹಿಡ್ಕೊಂಡು ಸುರಿದ."

"ಅರ್ಥ ಒಂದೇ ಅಮ್ಮಾ. ಕೋರ್ಟಿನ ಭಾಷೆ ಹೀಗೇ ಇರುತ್ತದೆ."

"ಕೋರ್ಟಿನ ಭಾಷೆಯಲ್ಲಿ ಹೊಡೆದ ಅನ್ನೋದಕ್ಕೆ ಮಾತಿಲ್ಲವಾ?"

ನ್ಯಾಯಾಧೀಶೆಯ ಹುಬ್ಬು ಗಂಟಾಯಿತು. ಗದರುತ್ತಾಳೆಂದು ಹೂರಿಯಾ ಮುಷ್ಟಿ ಬಿಗಿಹಿಡಿದಳು. "ಇದೆ," ಎಂದಳು ನ್ಯಾಯಾಧೀಶೆ ಕೊನೆಗೆ. ಗುಮಾಸ್ತೆಯ ಕಡೆ ತಿರುಗಿದಳು. "ಹಿಂದಿನ ಸಾಲು ಹೊಡೆದುಹಾಕಿ. ಅವರು ಹೇಳಿದ ಹಾಗೇ ಬರೆಯಿರಿ."

ಬರೆದದ್ದನ್ನು ಶೆಲ್ಬಿಯಾ ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಮೂರು ವಾರ ಬಿಟ್ಟು ತೀರ್ಪು ಬಂತು. ಲಮೀನ್‌ನ ಅರ್ಜಿ ವಜಾ ಆಯಿತು. ವಸೀಲಾಳಿಗೆ ವಿಚ್ಛೇದನ ಸಿಕ್ಕಿತು, ಮಗಳು ಅವಳ ಜೊತೆಗೇ ಉಳಿದಳು. ಅಷ್ಟರಲ್ಲಿ ಮಖಮಲ್ ಬಟ್ಟೆಯನ್ನು ಅರ್ಧ ಹೊಲಿದದ್ದನ್ನೇ ಒಯ್ದಿದ್ದರು. ಗುಲಾಬಿ ನೀರು ಇಳಿಸುವ ಕಾಲ ಬಂದರೂ ಆ ಆರು ಮನೆಗಳಿಂದ ಕರೆ ಬಂದಿರಲಿಲ್ಲ. ಹೂರಿಯಾ ಊರಾಚೆಯ ಹೊಸ ಬಡಾವಣೆಯ ಒಂದು ಅಂಗಡಿಗೆ ಪರದೆ ಹೊಲಿಯತೊಡಗಿದ್ದಳು. ಪರದೆಯನ್ನು ಬಯ್ಯುತ್ತ, ತಾಯಿಯನ್ನು ಬಯ್ಯುತ್ತ, ಸಂಜೆ ತಾಯಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

ತೀರ್ಪಿನ ದಿನ ಕೋರ್ಟಿನ ಮೆಟ್ಟಿಲ ಮೇಲೆ ವಸೀಲಾ ಶೆಲ್ಬಿಯಾಳಿಗಾಗಿ ಕಾದು ನಿಂತಿದ್ದಳು. ತಂದೆ ಟ್ಯಾಕ್ಸಿ ಹಿಡಿಯಲು ಹೋಗಿದ್ದ. ಶೆಲ್ಬಿಯಾ ಹತ್ತಿರ ಬಂದಳು. ವಸೀಲಾ ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದಳೋ ಏನೋ, ಕೈ ಅರ್ಧ ಎತ್ತಿದ್ದಳು.

"ಖಾಲ್ತಿ," ಎಂದಳು ವಸೀಲಾ, "ಅವತ್ತು ಆ ವಕೀಲ ಕೇಳಿದನಲ್ಲ, ಯಾಕೆ ಏಳಲಿಲ್ಲ ಅಂತ."

"ಹೂಂ."

"ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ಏಪ್ರಿಲ್‌ನಿಂದ. ಅವನು ಮೊದಲು ಕೇಳಿಬಿಟ್ಟ."

ಶೆಲ್ಬಿಯಾ ಎತ್ತಿದ್ದ ಕೈಯನ್ನು ಇಳಿಸಿದಳು. ಕೆಳಗೆ ಟ್ಯಾಕ್ಸಿ ಹಾರ್ನ್ ಬಾರಿಸಿತು. ವಸೀಲಾ ಎರಡು ಮೆಟ್ಟಿಲು ಇಳಿದು, ನಿಂತು, ಹಿಂತಿರುಗಿ ನೋಡಿದಳು.

"ಹತ್ತಿ. ನಿಮ್ಮನ್ನ ಸೂಯ್ಕಾ ಹತ್ತಿರ ಬಿಡ್ತೀವಿ. ಬಿಸಿಲಿದೆ."

ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತರು. ಟ್ಯಾಕ್ಸಿ ಸೇತುವೆ ದಾಟಿತು.